ಮನ್ಯಾಗಿಲ್ರಿ

ಮೂಗಿನ ತುದಿಯಲ್ಲೇ ಸಿಟ್ಟಿರುವವಳನ್ನು ಮಕ್ಕಳ ನಡುವೆ ಬಿಡಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆದರೂ ಬಿಟ್ಟರು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಶಹಾಪುರದಿಂದ ಗೋಗಿಗೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಶಿಶುವಿಹಾರ ತೆರೆದು ನನ್ನನ್ನು ಅದಕ್ಕೆ ಅಕ್ಕೋರು ಮಾಡಿದರು. ಸಿಕ್ಕ ಜಾಗ ಹಳೆಯ ಕುದುರೆ ಲಾಯ. ಕುದುರೆಗಳು ಹೋಗಿದ್ದವು, ವಾಸನೆ ಹೋಗಿರಲಿಲ್ಲ.

ನಿಜಾಮರ ಕೊನೆಗಾಲದ ಗಲಾಟೆಯ ದಿನಗಳಲ್ಲಿ ಊರು ಬಿಟ್ಟು ಗಡಿಯಾಚೆಯ ಶಿಬಿರ ಸೇರಿದ್ದ ಕುಟುಂಬಗಳು ಆಗಷ್ಟೇ ಮರಳಿದ್ದವು. ಮನೆಗಳು ಸುಟ್ಟು ಮೋಟುಗೋಡೆ ಉಳಿದಿದ್ದವು. ಮಳೆಗಾಲದೊಳಗೆ ಮೇಲೆ ಮಣ್ಣಿನ ಮಾಳಿಗೆ ಮುಚ್ಚಬೇಕು. ತಾಯಂದಿರು ಮಣ್ಣು ತುಳಿದು, ಹೆಡಿಗೆ ಹೊತ್ತು ಗೋಡೆ ಏರಿಸುವಷ್ಟು ಹೊತ್ತು ಅವರ ಮಕ್ಕಳನ್ನು ಹಿಡಿದಿಡುವುದು ನನ್ನ ಕೆಲಸ.

ಮೊದಲ ದಿನ ಹಾಜರಿ ಕರೆದೆ. ಮೊದಲ ಹೆಸರಿನ ಹುಡುಗ ನನ್ನೆದುರೇ ಕೂತು, ಮೂಗು ಒರೆಸಿಕೊಂಡು, “ಮನ್ಯಾಗಿಲ್ರಿ” ಎಂದ. ಎರಡನೆಯವಳು ತಾನು ಊರಿಗೆ ಹೋಗಿದ್ದೇನೆಂದಳು. ಉಳಿದವರದೂ ಅದೇ ರಾಗ. ನನಗೆ ತಲೆ ಕೆಟ್ಟಿತು. ತಾಯಂದಿರನ್ನು ವಿಚಾರಿಸಿದಾಗ ತಿಳಿಯಿತು: ಗಲಾಟೆಯ ಕಾಲದಲ್ಲಿ ಬಾಗಿಲಿಗೆ ಯಾರೇ ಬಂದು ಯಾರ ಹೆಸರು ಕರೆದರೂ ಹೀಗೇ ಹೇಳಬೇಕೆಂದು ಅವರೇ ಬಾಯಿಪಾಠ ಮಾಡಿಸಿದ್ದರು. ಕಲಿಸಿದ್ದನ್ನು ಇಷ್ಟು ಗಟ್ಟಿಯಾಗಿ ಕಲಿತ ಮಕ್ಕಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮನೆಯೇ ಇಲ್ಲದವರು ಮನೆಯಲ್ಲಿಲ್ಲ ಎಂದರೆ ಸುಳ್ಳೆನ್ನಲೂ ಬಾರದು. ಗದರಿದೆ, ಬೆಲ್ಲ ಕೊಟ್ಟೆ. ಬೆಲ್ಲ ಚೀಪುತ್ತಲೇ ಇಲ್ಲವೆಂದರು.

ಅಷ್ಟರಲ್ಲಿ ತಪಾಸಣೆಗೆಂದು ಯಾದಗಿರಿಯಿಂದ ಸಾಹೇಬರು ಬಂದರು. ಮಕ್ಕಳು ಬರುತ್ತಿಲ್ಲವೆಂದು ಅವರಿಗೆ ಅನ್ನಿಸಿದರೆ ಶಿಶುವಿಹಾರ ಮುಚ್ಚಿದಂತೆಯೇ. ಆಮೇಲೆ ಆ ಹೆಂಗಸರು ಕೂಸು ಹೊರಬೇಕೋ, ಹೆಡಿಗೆ ಹೊರಬೇಕೋ? ಹಾಜರಿ ತಾವೇ ಕರೆಯುತ್ತೇನೆಂದು ಸಾಹೇಬರು ಕನ್ನಡಕ ಏರಿಸಿದರು. ಲಾಯದ ತುಂಬ ಮಕ್ಕಳು, ಹಾಜರಿಯಲ್ಲಿ ಒಬ್ಬರೂ ಇಲ್ಲ.

ಅರ್ಧಕ್ಕೇ ನಿಲ್ಲಿಸಿ ಅವರು ನನ್ನತ್ತ ನೋಡಿದರು. ತಪ್ಪೆಲ್ಲ ಅವರದೇ ಎಂಬಂತೆ ಸಿಡುಕುತ್ತಲೇ ಕಾರಣ ಹೇಳಿದೆ. ಸಾಹೇಬರು, ತಾನಿಲ್ಲವೆಂದು ಆಗಷ್ಟೇ ಹೇಳಿದ್ದ ಕುರಿ ಕಾಯುವವರ ಪುಟ್ಟ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಹಂಗಾರ ಆಕಿ ಯಾವಾಗ ಬರ್ತಾಳವಾ?”

ಹುಡುಗಿ ಯೋಚಿಸಿದಳು. “ನಮ್ಮ ಗ್ವಾಡಿ ಮುಗದ ಮ್ಯಾಲ್ರಿ.”

ಅಷ್ಟರಲ್ಲಿ ಹೊತ್ತಾಯಿತೆಂದು ಟಾಂಗಾದವನು ಹೊರಗಿನಿಂದ ಅವರನ್ನು ಕೂಗಿದ. ಮಕ್ಕಳೆಲ್ಲ ಒಂದೇ ದನಿಯಲ್ಲಿ, “ಮನ್ಯಾಗಿಲ್ರಿ” ಎಂದರು, ಸಾಹೇಬರನ್ನು ಉಳಿಸಲು. ನಕ್ಕು ನಕ್ಕು ಅವರ ಕನ್ನಡಕ ಜಾರಿತು. ಊರಿನ ಗೋಡೆಗಳು ಮುಗಿಯುವ ತನಕ ಶಿಶುವಿಹಾರ ನಡೆಯಲಿ ಎಂದು ಹೇಳಿ ಹೋದರು.

ಮುಂಗಾರಿಗೆ ಮುಂಚೆ ಆ ಹುಡುಗಿಯ ಮನೆಗೆ ಮಾಳಿಗೆ ಬಂತು. ಮರುದಿನ ಅವಳ ಹೆಸರು ಕರೆದಾಗ ನಾನು ತಲೆ ಎತ್ತಿಯೂ ನೋಡಲಿಲ್ಲ. ಉತ್ತರ ಗೊತ್ತಿತ್ತಲ್ಲ.

“ಬಂದಾಳ್ರಿ” ಎಂದಳು.

ನನಗೆ ಅಳು ಬಂತು. ಅದು ಯಾರಿಗೂ ಕಾಣದಿರಲೆಂದು ಮುಂದಿನ ಹೆಸರನ್ನು ಗದರಿದಂತೆ ಕೂಗಿದೆ. ಆ ಹುಡುಗ ಮನೆಯಲ್ಲಿರಲಿಲ್ಲ. ಅವರ ಗೋಡೆ ಇನ್ನೂ ಸೊಂಟದೆತ್ತರವಿತ್ತು.