ಆಚಾರ್ರ ಬೆಳ್ಳಿಯ ಮೊಟ್ಟೆ

ಬಸ್ರೂರಿನಲ್ಲಿ ನಮ್ಮ ಪಕ್ಕದ ಮನೆಯವರು ಚಿನ್ನ-ಬೆಳ್ಳಿ ಕೆಲಸದ ಆಚಾರ್ರು. ಯಾವ ಒಡವೆ ತೋರಿಸಿದರೂ ಹರಳಿನ ಕಡೆ ನೋಡುತ್ತಿರಲಿಲ್ಲ. ಕೊಂಡಿಯ ಮೇಲೆ ಉಗುರಾಡಿಸಿ, "ಬಿಚ್ಚುಕ್ ಆತ್ತಾ?" ಎಂದು ಕೇಳುವರು.

ರಷ್ಯಾದ ದೊರೆ ತನ್ನ ರಾಣಿಗೆ ಮಾಡಿಸಿಕೊಟ್ಟ, ವಜ್ರ ಕೂರಿಸಿದ ಚಿನ್ನದ ಮೊಟ್ಟೆಯನ್ನು ಒಮ್ಮೆ ಮೊಬೈಲಿನಲ್ಲಿ ತೋರಿಸಿದೆ. ಅದಕ್ಕೂ ಅದೇ ಪ್ರಶ್ನೆ. ಬಿಚ್ಚಬಹುದು, ಒಳಗೆ ರಾಣಿಗೆಂದೇ ಗುಟ್ಟಾಗಿಟ್ಟ ಉಡುಗೊರೆ ಇರುತ್ತದೆ ಎಂದೆ. ಮರುದಿನವೇ ಅವರು ನಿಂಬೆಹಣ್ಣಿನಷ್ಟು ದೊಡ್ಡ ಬೆಳ್ಳಿಯ ಮೊಟ್ಟೆ ಮಾಡಲು ಕೂತರು.

"ಒಳ್ಗೆ ಎಂತ ಇಡ್ತ್ರಿ?" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದರೆ, "ಕಡಿಗೆ ಕಾಂಬ" ಎಂದು ಮುಂದೂಡುವರು.

ಮೊಟ್ಟೆ ಮುಗಿಯುವ ಹೊತ್ತಿಗೆ ಆ ಅಮ್ಮ ಜ್ವರದಲ್ಲಿ ತೀರಿಕೊಂಡರು. ಹೆಣ ಎತ್ತುವ ಮೊದಲು ಮೂಗುಬೊಟ್ಟು ತೆಗೆಯಲು ಯಾರಿಂದಲೂ ಆಗಲಿಲ್ಲ. ಮದುವೆಯ ವರ್ಷ ಆಚಾರ್ರೇ ಬಿಗಿದ ತಿರುಪು ಅದು. ಕೊನೆಗೆ ಅವರೇ ಇಕ್ಕುಳ ತಂದು, ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಿಧಾನವಾಗಿ ಬಿಚ್ಚಿದರು. ನಡುವೆ ಒಮ್ಮೆ, "ನೋವಾತ್ತಾ?" ಎಂದು ಕೇಳಿದರು.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಹೋದವನು ಆ ಮೊಟ್ಟೆಯನ್ನು ಕೈಗೆತ್ತಿಕೊಂಡೆ. ಒಳಗೆ ಸಣ್ಣದೇನೋ ಉರುಳಿತು. ಬಾಯಿಯ ಸುತ್ತ ಬೆಸುಗೆ ಹಾಕಿಬಿಟ್ಟಿದ್ದರು.

"ಇದ್ ಬಿಚ್ಚುಕ್ ಆತ್ತಾ, ಆಚಾರ್ರೆ?" ಅವರ ಮಾತೇ ನನ್ನ ಬಾಯಿಗೆ ಬಂದಿತ್ತು.

"ಇನ್ನ್ ಬ್ಯಾಡ," ಎಂದರು.