ಬಿಟ್ಟಿ ಬಿಡಾರದ ಐದನೆಯ ಲಕ್ಷಣ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕ ಮನುಷ್ಯ ಏನನ್ನು ನೋಡುತ್ತಾನೆಂಬುದರ ಮೇಲೆ ಅವನ ಜಾತಕವನ್ನೇ ಬರೆದುಬಿಡಬಹುದೆಂದು ನನ್ನ ನಂಬಿಕೆ. ಬೇಸಾಯಗಾರನಾದರೆ ಪರರ ಹೊಲದ ರಾಗಿ ತೆನೆಯನ್ನು ನೋಡಿ, ತನ್ನ ಹೊಲವನ್ನು ನೆನೆದು ನಿಟ್ಟುಸಿರು ಬಿಡುತ್ತಾನೆ. ಮದುವೆಗೆ ಬಂದ ಮಗಳಿರುವವನಾದರೆ ಹೊಸದಾಗಿ ಎದ್ದ ತಾರಸಿ ಮನೆಗಳ ಒಳಗೆಲ್ಲಾದರೂ ಒಬ್ಬ ವರ ಇದ್ದಾನೆಯೇ ಎಂದು ಕತ್ತು ಚಾಚುತ್ತಾನೆ. ನಾನು ನೋಡುವುದು ಬರಿಯ ನೆಲವನ್ನು. ಆಹಾ, ಎಂಥ ಸಮತಟ್ಟು, ಪಕ್ಕದಲ್ಲೇ ಹೊಂಗೆಮರ, ಅದರಾಚೆ ಕೈಪಂಪು ಎಂದು ನನ್ನ ಎದೆ ಕುಣಿದಾಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಪಕ್ಕದಲ್ಲಿ ಕೂತವರು ಈ ಯಜಮಾನನಿಗೆ ಏನಾಯಿತಪ್ಪಾ ಎಂದು ಸ್ವಲ್ಪ ಸರಿದು ಕೂತಿರುತ್ತಾರೆ.

ಈ ಕಾಯಿಲೆ ನನಗೆ ಅಂಟಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ. ಬೀರೂರಿನ ರೈಲ್ವೆ ಗೇಟಿನಲ್ಲಿ ಒಂದು ದಿನ ಸೈಕಲ್ ಹಿಡಿದು ನಿಂತಿದ್ದೆ. ಪಕ್ಕದಲ್ಲೊಂದು ವಿದೇಶಿ ದಂಪತಿಗಳ ವ್ಯಾನು ಬಂದು ನಿಂತಿತು. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ! ಮನೆಗೆ ಚಕ್ರ ಕಟ್ಟಿಕೊಂಡು ಭೂಮಂಡಲವನ್ನೇ ಸುತ್ತುವವರೂ ಇದ್ದಾರೆಯೇ! ಗೂಡ್ಸು ಗಾಡಿ ಪೂರ್ತಿ ದಾಟಿ ಹೋಗುವವರೆಗೆ ನಾಚಿಕೆಯಿಲ್ಲದೆ ಇಣುಕಿ ನೋಡಿದೆ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಆರು ತಿಂಗಳೊಳಗೆ, ಯಾವುದೋ ಇಲಾಖೆಯ ಹಳೆಯ ವ್ಯಾನೊಂದನ್ನು ಹರಾಜಿನಲ್ಲಿ ಹಿಡಿದು ಮನೆಯ ಮುಂದೆ ತಂದು ನಿಲ್ಲಿಸಿದೆ.

ಅದರ ಎರಡು ಪಕ್ಕಕ್ಕೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿತ್ತು. ಊರೂರು ಸುತ್ತಿ ಗಂಡಸರನ್ನು ಆಪರೇಷನ್ನಿಗೆ ಕರೆದೊಯ್ಯುತ್ತಿದ್ದ ಗಾಡಿಯದು. ಒಂದೆರಡು ವರ್ಷದ ಹಿಂದೆ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಅದರ ಹೆಸರೆತ್ತಿದರೆ ಗಂಡಸರು ಗಡಗಡ ನಡುಗುತ್ತಿದ್ದರು. ಅಂಥ ಪೂರ್ವಾಶ್ರಮವನ್ನು ಮುಚ್ಚಲು, ಮನೆಯ ಗೋಡೆಗೆ ಬಳಿದು ಉಳಿದಿದ್ದ ನೀಲಿ ಡಿಸ್ಟೆಂಪರನ್ನು ನಾನೇ ಎರಡು ಕೈ ಬಳಿದೆ. ಗೋಡೆಗೆ ಹಿಡಿಯುವ ಬಣ್ಣ ತಗಡಿಗೆ ಹಿಡಿಯದೆಂಬ ಸರಳ ವಿಜ್ಞಾನ ವಿಜ್ಞಾನದ ಮೇಷ್ಟ್ರಿಗೆ ಹೊಳೆಯಲಿಲ್ಲ. ನಮ್ಮ ಗಾಡಿಗೆ ಒರಗಿ ಮಾತಾಡಿದವರೆಲ್ಲ ಬೆನ್ನು ನೀಲಿ ಮಾಡಿಕೊಂಡು ಹೋಗುತ್ತಿದ್ದರು.

ಒಳಗೆ ಎರಡು ಹಲಗೆಯ ಮಂಚ, ಒಂದು ಸೀಮೆಎಣ್ಣೆ ಸ್ಟೌವ್, ಒಂದು ಕೊಡ. ಪರದೆಗಳನ್ನು ನನ್ನ ಹೆಂಡತಿ ವಿಶಾಲು ತನ್ನ ಹಳೆಯ ಸೀರೆ ಹರಿದು ಹೊಲಿದಳು. ಹನ್ನೊಂದು ಜನರ ಮನೆಗೆ ಹಿರೀಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು ಅವಳಿಗೆ. ಆ ಹದಿನಾಲ್ಕು ವರ್ಷದಲ್ಲಿ ಸೂರ್ಯ ಅವಳಿಗಿಂತ ಮೊದಲು ಎದ್ದ ದಿನವಿರಲಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಹಲ್ಲಲ್ಲಿ ದಾರ ಕಡಿದು ಅವಳು ಹೇಳಿದ್ದಿಷ್ಟೇ:

“ನಂಗೆ ಊರು ನೋಡೋ ಆಸೆ ಏನಿಲ್ಲ ಕಣ್ರೀ. ಒಂದಿನ, ಒಂದೇ ಒಂದಿನ, ಹೊತ್ತು ಏರೋವರ್ಗೂ ಮಲಗಿರ್ಬೇಕು. ಎದ್ದಾಗ ಯಾರೂ ಕಾಫಿ ಕೇಳಬಾರ್ದು.”

“ಅಷ್ಟೇ ತಾನೆ? ಮೂರು ದಿನ ಮಲಗು, ಮಹರಾಯ್ತಿ!” ಎಂದೆ, ರಾಜ್ಯವನ್ನೇ ದಾನ ಮಾಡುವವನಂತೆ.

ದಸರಾ ರಜೆಗೆ ನನ್ನ ತಂಗಿ ಬಂದಳು. ಅಡುಗೆಮನೆಯನ್ನೂ ನಮ್ಮಿಬ್ಬರು ಮಕ್ಕಳನ್ನೂ ಅವಳ ಸುಪರ್ದಿಗೆ ಬಿಟ್ಟು ನಾವಿಬ್ಬರೇ ಹೊರಟೆವು. ಬೀರೂರು, ತರೀಕೆರೆ, ಅಜ್ಜಂಪುರ, ಮರಳಿ ಕಡೂರು: ಭೂಪ್ರದಕ್ಷಿಣೆ ಮಾಡುವವರಿಗಿದ್ದ ಉತ್ಸಾಹಕ್ಕಿಂತ ನನ್ನದು ಒಂದು ಗುಲಗಂಜಿಯೂ ಕಡಿಮೆಯಿರಲಿಲ್ಲ. ವಸತಿಗೆ ಕಾಸು ಬಿಚ್ಚಬಾರದೆಂಬುದು ನನ್ನ ಪ್ರತಿಜ್ಞೆ. ಬಿಟ್ಟಿ ಬಿಡಾರಕ್ಕೆ ಶಾಸ್ತ್ರೋಕ್ತವಾಗಿ ನಾಲ್ಕು ಲಕ್ಷಣಗಳನ್ನು ನಾನೇ ರಚಿಸಿದ್ದೆ. ನೆಲ ಸಮವಾಗಿರಬೇಕು, ನೆರಳಿರಬೇಕು, ನೀರು ಹತ್ತಿರವಿರಬೇಕು, ನಾಯಿಗಳು ದೂರವಿರಬೇಕು. ಮನುಷ್ಯರ ವಿಷಯ ನನ್ನ ಶಾಸ್ತ್ರದಲ್ಲಿ ಬಂದೇ ಇರಲಿಲ್ಲ ನೋಡಿ.

ಎಂಜಿನ್ ಕೊತಕೊತ ಕುದಿದದ್ದರಿಂದ ಮೊದಲ ದಿನದ ಮಹಾಯಾನ ಬೀರೂರಿಗೇ ಮುಗಿಯಿತು. ಸೈಕಲ್ಲಿನಲ್ಲಿ ಹೊರಟಿದ್ದರೂ ಅದಕ್ಕಿಂತ ಬೇಗ ತಲುಪುತ್ತಿದ್ದೆವು. ರೈಲ್ವೆ ಸ್ಟೇಷನ್ನಿನ ಆಚೆ ದೊಡ್ಡದೊಂದು ಮರ, ನಲ್ಲಿ, ಚಪ್ಪಟೆ ನೆಲ. ವಿಶಾಲು ಪರದೆ ಎಳೆದಳೋ ಇಲ್ಲವೋ, ನನ್ನ ಹಳೆಯ ಶಿಷ್ಯನೊಬ್ಬ ಪ್ರತ್ಯಕ್ಷನಾದ. ಬೆಳಕಿನ ವಕ್ರೀಭವನವನ್ನು ಎರಡು ವರ್ಷ ಕಲಿಸಿದರೂ ಕಲಿಯದೆ ಈಗ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನೆಮ್ಮದಿಯಾಗಿದ್ದವನು.

“ಏನ್ ಸಾ, ನಮ್ಮನೆ ಕೂಗಳತೇಲಿರೋವಾಗ ಮರದ್ ಕೆಳಗೆ ಮಲಗ್ತೀರಾ? ನೋಡ್ದೋರು ನನ್ನ ಮುಖಕ್ಕೆ ಉಗಿಯಲ್ವಾ? ಏಳಿ ಸಾ, ಏಳಿ ಅಮ್ಮಾವ್ರೇ!”

ನಮ್ಮ ಸೀಮೆಯ ಧರ್ಮವೇ ಅದು. ಊರಿಗೆ ಬಂದ ಪರಿಚಯದವರು ರಸ್ತೆಯಲ್ಲಿ ಮಲಗಿದರೆ ಮರ್ಯಾದೆ ಹೋಗುವುದು ಮಲಗಿದವರದಲ್ಲ, ಊರಿನವರದು. ಕ್ವಾರ್ಟರ್ಸಿನಲ್ಲಿ ನನ್ನನ್ನು ಇದ್ದ ಒಂದೇ ಕುರ್ಚಿಯಲ್ಲಿ ಕೂರಿಸಿ, ನೆರೆಹೊರೆಯವರನ್ನೆಲ್ಲ ಕರೆದು ತೋರಿಸಿದ. ನಾನು ಉಬ್ಬಿಹೋದೆ. ವಿಶಾಲು ಎಲ್ಲಿ? ಬಂದ ಗಂಡಸು ಜಗಲಿಯಲ್ಲಿ ಕೂತರೆ ಬಂದ ಹೆಂಗಸು ಒಳಗೆ ಹೋಗುವುದು ಪದ್ಧತಿ. ಶಿಷ್ಯನ ಹೆಂಡತಿಗೆ ಎಳೆಗೂಸು ಬೇರೆ. ವಿಶಾಲು ರೊಟ್ಟಿ ತಟ್ಟುತ್ತಿದ್ದಳು. ಬೆಳಿಗ್ಗೆ ಏಳು ಲೋಟ ಕಾಫಿಯೂ ಅವಳದೇ. ಪರವಾಗಿಲ್ಲ, ತರೀಕೆರೆಯಲ್ಲಿ ಮಲಗಿದರಾಯಿತೆಂದೆ.

ತರೀಕೆರೆಯಲ್ಲಿ ಒಂದು ಸಾಮಿಲ್ಲಿನ ಅಂಗಳ ನನ್ನ ನಾಲ್ಕೂ ಲಕ್ಷಣಗಳಿಂದ ಶೋಭಿಸುತ್ತಿತ್ತು. ಮರದ ಹೊಟ್ಟಿನ ಘಮಘಮ ಬೇರೆ! ಆದರೆ ಮಿಲ್ಲಿನ ಮಾಲೀಕರಾದ ಸಾಹೇಬರ ತಮ್ಮನೂ ಒಂದು ಕಾಲದಲ್ಲಿ ನನ್ನ ಶಿಷ್ಯನೇ. “ಅರೆ ಮಾಸ್ಟರ್ ಸಾಬ್, ನೀವು ಗಾಡೀಲಿ ಮಲಗೋದಾ? ತೋಬಾ ತೋಬಾ!” ಎಂದು ಸಾಹೇಬರು ಒಳಗೆ ಕರೆದರು. ನಾವು ಸಸ್ಯಾಹಾರಿಗಳು, ತಮ್ಮ ಒಲೆಯ ಊಟ ಹಿಡಿಸುತ್ತದೋ ಇಲ್ಲವೋ ಎಂಬ ಸಂಕೋಚದಿಂದ, ಕೇಳುವ ಮೊದಲೇ ಪೇಟೆಯಿಂದ ಹೊಸ ಪಾತ್ರೆ, ಅಕ್ಕಿ, ಬೇಳೆ, ತರಕಾರಿ ತರಿಸಿ, ಹಿತ್ತಲಲ್ಲಿ ಬೇರೆಯೇ ಒಲೆ ಹೂಡಿಸಿ, ನಿಮ್ಮ ಪದ್ಧತಿ ಪ್ರಕಾರ ನೀವೇ ಮಾಡಿಕೊಳ್ಳಿ ಎಂದು ಕೈಮುಗಿದರು. ಎಂಥ ಸೌಜನ್ಯ! ನನ್ನ ಕಣ್ಣು ತುಂಬಿ ಬಂತು. ನಿಮ್ಮ ಒಲೆಯ ಅನ್ನವೇ ಆಗುತ್ತದೆ ಎಂಬ ಒಂದು ಮಾತು ಹೇಳಿದ್ದರೆ ವಿಶಾಲು ಬದುಕಿಕೊಳ್ಳುತ್ತಿದ್ದಳು, ನಾನು ಕಣ್ಣೊರೆಸಿಕೊಳ್ಳುವುದರಲ್ಲಿದ್ದೆ. ಅವಳ ಸಾರಿನ ಪರಿಮಳಕ್ಕೆ ಮನೆಮಂದಿಯೆಲ್ಲ ತಟ್ಟೆ ಹಿಡಿದು ಬಂದರು.

ಸಾಹೇಬರ ಹೆಂಡತಿ ಜೈನಾಬಿ ಮಾತ್ರ ಪಕ್ಕದಲ್ಲೇ ಕೂತು ಈರುಳ್ಳಿ ಹೆಚ್ಚಿಕೊಟ್ಟು, ವಿಶಾಲುವಿನ ಮುಖ ನೋಡಿ ಕೇಳಿದರಂತೆ: “ಅಕ್ಕಾ, ಸುತ್ತಾಡೋಕೆ ಬಂದು ಇಲ್ಲೂ ಒಲೇನೇನಾ ನಿಮ್ಗೆ?” ಆಮೇಲೆ ಅವರೇ ನಕ್ಕು, “ನಿಮ್ ಗಾಡಿ ಗುರ್ತು ಸಿಕ್ತು ನಂಗೆ. ಅದರ ಕೆಂಪು ತ್ರಿಕೋನ ಎಲ್ಲೋಯ್ತು? ಅದು ಬೀದಿ ತುದೀಲಿ ಕಂಡ್ರೆ ಸಾಕು, ಮಿಲ್ಲಿನ ಗಂಡಸ್ರೆಲ್ಲಾ ಗರಗಸ ಬಿಟ್ಟು ಪರಾರಿ!” ಎಂದರಂತೆ.

ಮೂರನೆಯ ದಿನ ಅಜ್ಜಂಪುರದ ದಾರಿಯಲ್ಲಿ ವಿಶಾಲು ಸರಳಿಗೆ ತಲೆಯಾನಿಸಿ ಕೂತಿದ್ದಳು. ನಾನೋ, ಎರಡು ದಿನದಲ್ಲಿ ಮೂರು ಕಾಸೂ ಖರ್ಚಾಗಲಿಲ್ಲ, ಎಲ್ಲ ಬಿಟ್ಟಿ, ಎಂದು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದೆ.

“ನಿಮ್ಗೆ ಬಿಟ್ಟಿ,” ಎಂದಳು ಅವಳು, ಕಿಟಕಿಯ ಕಡೆ ಮುಖ ಮಾಡಿಕೊಂಡೇ. “ನಂಗೆ?”

ತಾಳ ನಿಂತಿತು. ಎರಡು ರಾತ್ರಿಯ ಬಾಡಿಗೆಯನ್ನೂ ಅವಳು ರೊಟ್ಟಿಯಲ್ಲಿ, ಸಾರಿನಲ್ಲಿ, ಕಾಫಿಯಲ್ಲಿ ತೀರಿಸಿದ್ದಳು. ಕುರ್ಚಿಯಲ್ಲಿ ಕೂತು ಹೊಗಳಿಸಿಕೊಂಡವನು ನಾನು. ಈ ದಿನ ತಪ್ಪಿದರೆ ನಾಳೆ ಕಡೂರು, ಹನ್ನೊಂದು ಲೋಟ. ನನಗೆ ನಾಚಿಕೆಯಾಯಿತು, ನಿಜವಾಗಿಯೂ ನಾಚಿಕೆಯಾಯಿತು.

ಊರಿನೊಳಗೆ ಹೋಗದೆ, ಆಚೆ ದನ ಮೇಯುವ ಕಾವಲಿನ ಅಂಚಿನಲ್ಲಿ ಗಾಡಿ ನಿಲ್ಲಿಸಿದೆ. ಹೊತ್ತು ಇನ್ನೂ ಇಳಿದಿರಲಿಲ್ಲ. ಸುತ್ತ ಹುಲ್ಲು, ಗಾಳಿ, ಒಂದು ನರಪಿಳ್ಳೆಯೂ ಇಲ್ಲ. ಗೆದ್ದೆವೆಂದು ನಾನು ಕುಣಿಯುವಷ್ಟರಲ್ಲಿ ಟಣ್ ಎಂದು ಸೈಕಲ್ ಬೆಲ್ಲು! “ಯಾರಪ್ಪಾ ಅದು, ಕಡೂರ್ ಮೇಷ್ಟ್ರಲ್ವಾ? ನಮ್ಮುಡ್ಗ ನಿಮ್ ಕೈಲೇ ಓದಿದ್ದು ಕಣ್ರೀ! ಇಲ್ಲೇ ಇರಿ, ಮನೇಲಿ ಹೇಳಿ, ಜನ ಕರ್ಕೊಂಡು ಬತ್ತೀನಿ,” ಎಂದವನೇ, ನಾವು ಬೇಡವೆನ್ನುವ ಮೊದಲೇ ಆ ಪುಣ್ಯಾತ್ಮ ಹಾರಿಹೋದ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ವಿಶಾಲು ಕೂರಲಿಲ್ಲ. ಕೊಡದಿಂದ ನೀರು ಬಗ್ಗಿಸಿಕೊಂಡು, ಮಸಿಬಟ್ಟೆ ಅದ್ದಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ವ್ಯಾನಿನ ಪಕ್ಕವನ್ನು ತಿಕ್ಕಲಾರಂಭಿಸಿದಳು. ನೀಲಿ ನೀರು ಧಾರಾಕಾರವಾಗಿ ಹರಿಯಿತು. ಅದರಡಿಯಿಂದ ಕೆಂಪು ತ್ರಿಕೋನ, ಮೂರು ಮೂಲೆಯೂ ಮುಕ್ಕಾಗದೆ, ಇಳಿಬಿಸಿಲಿಗೆ ಧಗಧಗನೆ ಬೆಳಗಿತು!

ಸೈಕಲ್ಲಿನವನು ಇಬ್ಬರನ್ನು ಜೊತೆ ಮಾಡಿಕೊಂಡು ಉತ್ಸಾಹದಿಂದ ಬಂದ. ಕೂಗಳತೆಗೆ ಬಂದು ನಿಂತ. ಮೂವರೂ ತ್ರಿಕೋನವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ತ್ರಿಕೋನವನ್ನು ನೋಡಿದರು. “ಲೇ, ಮೇಷ್ಟ್ರು ಆ ಡಿಪಾರ್ಟ್‌ಮೆಂಟ್ ಸೇರ್ಬಿಟ್ಟವ್ರೆ ಕಣ್ಲಾ! ತಿರುಗಿಸ್ಲೇ ಸೈಕಲ್ಲು!” ಎಂಬುದಷ್ಟೇ ಗಾಳಿಯಲ್ಲಿ ತೇಲಿಬಂತು.

ಓಡಿಹೋಗಿ, ಅಯ್ಯಾ, ನಾನಿನ್ನೂ ಮೇಷ್ಟ್ರೇ ಕಣ್ರಪ್ಪಾ ಎಂದು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಇಪ್ಪತ್ತು ವರ್ಷ ಕಟ್ಟಿದ ಮರ್ಯಾದೆ ಮೂರು ಸೈಕಲ್ಲಿನ ಮೇಲೆ ಓಡಿಹೋಗುತ್ತಿತ್ತು! ವಿಶಾಲು ಒದ್ದೆ ಬಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ. ನನ್ನ ದಾಂಪತ್ಯದಲ್ಲಿ ನಾನು ಮಾಡಿದ ದೊಡ್ಡ ತ್ಯಾಗ ಯಾವುದೆಂದು ಯಾರಾದರೂ ಕೇಳಿದರೆ ಅದೇ.

ಆ ರಾತ್ರಿ ಅವಲಕ್ಕಿ ಮೊಸರು ತಿಂದು ಮಲಗಿದೆವು. ಬೆಳಗಾಯಿತು, ಯಾರೂ ಬರಲಿಲ್ಲ. ಬಿಸಿಲು ಪರದೆ ದಾಟಿ ಅವಳ ಕಾಲಿಗೆ ಬಂತು, ಮೊಣಕಾಲಿಗೆ ಬಂತು; ಅವಳು ಮಗ್ಗುಲು ಬದಲಿಸಿದಳೇ ಹೊರತು ಏಳಲಿಲ್ಲ. ನಾನು ಸದ್ದಾಗದಂತೆ ಹೊರಗೆ ಸ್ಟೌವ್ ಹೊತ್ತಿಸಿ, ಹುಬ್ಬು ಸುಟ್ಟುಕೊಂಡು, ಹಾಲಿನ ಪುಡಿ ಕದಡಿ, ಕಾಫಿಯೆಂದು ಕರೆಯಬಹುದಾದ ಒಂದು ದ್ರವ ತಯಾರಿಸಿದೆ. ಹೊತ್ತು ಚೆನ್ನಾಗಿ ಏರಿದ ಮೇಲೆ ಪರದೆ ಸರಿಯಿತು. ಕೆದರಿದ ತಲೆ, ಊದಿದ ಕಣ್ಣು, ಮುಖದ ತುಂಬ ಹಲಗೆಯ ಗೆರೆ.

“ಕಾಫಿ ಆಯ್ತಾ ರೀ?” ಎಂದಳು.

ಹದಿನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಹಾಸಿಗೆಯಿಂದ ನಾನು ಕೂಗಿದ್ದ ಪ್ರಶ್ನೆಯದು. ಅದಕ್ಕೆ ಉತ್ತರ ಕೊಡುವ ಕಡೆ ನಿಂತದ್ದು ನಾನು ಅದೇ ಮೊದಲು. ಲೋಟ ಕೊಟ್ಟೆ. ಕುಡಿದಳು. “ಸಕ್ಕರೆ ಹಾಕಿಲ್ಲ ನೀವು,” ಎಂದು, ಖಾಲಿ ಲೋಟ ಮುಂದೆ ಚಾಚಿ, “ಇನ್ನರ್ಧ ಇದ್ರೆ ಬಗ್ಗಿಸಿ,” ಎಂದಳು.

ಆಮೇಲೆ ಬಹಳ ವರ್ಷ ನಾನು ಅಜ್ಜಂಪುರದ ಪೇಟೆಯಲ್ಲಿ ಕಾಣಿಸಿಕೊಂಡರೆ ಮಧ್ಯವಯಸ್ಸಿನ ಗಂಡಸರು ಆಚೆ ಬದಿಗೆ ದಾಟಿಬಿಡುತ್ತಿದ್ದರು. ವ್ಯಾನು ಗುಜರಿಗೆ ಹೋಗಿಯೂ ಕಾಲವಾಯಿತು. ಈಗ ನಮ್ಮದು ಬಸ್ಸಿನ ಸವಾರಿ, ಕಿಟಕಿಯ ಸೀಟು ವಿಶಾಲುವಿಗೆ. ಮೊನ್ನೆಯೂ ಬೀರೂರು ದಾಟಿದ ಮೇಲೆ ನಾನು ಅವಳ ಭುಜದ ಮೇಲಿಂದ ಬಗ್ಗಿ, “ನೋಡು ನೋಡು! ಸಮತಟ್ಟು, ಹೊಂಗೆಮರ, ಕೈಪಂಪು, ಒಂದು ನಾಯೀನೂ ಇಲ್ಲ!” ಎಂದು ಕೂಗಿಕೊಂಡೆ.

ಅವಳು ಕಣ್ಣು ಕಿರಿದು ಮಾಡಿ ಮರದಾಚೆ ನೋಡಿದಳು.

“ಅಲ್ಲೊಂದು ಮನೆ ಇದೆ. ಹೊಗೆ ಏಳ್ತಿದೆ,” ಎಂದಳು. “ಬೇಡ, ಮುಂದೆ ನೋಡೋಣ.”