ಆರು ಸಿಲಿಂಡರು, ಎಂಟು ಸಿಲಿಂಡರು ಮತ್ತು ನಮ್ಮ ಹಳೇ ಕಾರು

ಆಗ ನನಗೆ ಅರವತ್ತೊಂದು ವರ್ಷ. ಒಂಬತ್ತು ವರ್ಷದ ಹಿಂದಿನ ಮಾತು. ನ್ಯೂಜೆರ್ಸಿಯ ಪಾರ್ಸಿಪನಿಗೆ, ಮಗಳ ಮನೆಗೆ ಬಂದು ಮೂರು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ನನ್ನ ಅಳಿಯ ಸ್ಪೋರ್ಟ್ಸ್ ಕಾರು ಕೊಳ್ಳುತ್ತೇನೆಂದು ಎದ್ದು ನಿಂತ. ಯಾವ ಕಂಪನಿಯದು ಎಂದು ತೀರ್ಮಾನವಾಗಿತ್ತು. ಬಣ್ಣ ಕಪ್ಪು ಎಂದೂ ಆಗಿಹೋಗಿತ್ತು. ಉಳಿದದ್ದು ಇಂಜಿನ್ ಒಂದೇ. ಆರು ಸಿಲಿಂಡರಿನದು ತಗೊಳ್ಳುವುದೋ ಎಂಟರದೋ. ಈ ಒಂದು ಮಾತು ಬಗೆಹರಿಯದೆ ಬೇಸಿಗೆ ಮುಗಿಯಿತು, ಮರದ ಎಲೆ ಕೆಂಪಾಯಿತು. ಮನೆಯಲ್ಲಿ ಒಬ್ಬರೂ ಕೂತಲ್ಲಿ ಕೂರುತ್ತಿರಲಿಲ್ಲ.

ನನಗೆ ಎಂಟರದು ಬೇಕಿತ್ತು. ಅದರ ಕಾರಣ ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಅಳಿಯನ ಹತ್ತಿರ ಒಂದು ಹಳೇ ಕಾರಿತ್ತು. ಬೂದಿ ಬಣ್ಣದ್ದು, ನಾಲ್ಕು ಬಾಗಿಲಿನದು, ಸೀಟಿನ ಮೇಲೆ ಸಾರು ಚೆಲ್ಲಿದ ಕಲೆ. ಹೊಸ ಕಾರಿನ ಆರು ಸಿಲಿಂಡರಿನದಕ್ಕೆ ನಾಲ್ಕೂ ಚಕ್ರಕ್ಕೆ ಎಳೆಯುವ ಬಲ ಇರುತ್ತದಂತೆ, ಹಿಮ ಬಿದ್ದರೂ ಓಡಿಸಬಹುದಂತೆ. ಅದನ್ನು ತಗೊಂಡರೆ ಹಳೇದರ ಕೆಲಸವಿಲ್ಲ. ಅಂಗಡಿಯವನಿಗೇ ಕೊಟ್ಟು ಹೊಸದರ ಬೆಲೆಯಲ್ಲಿ ಕಳೆಸಿಕೊಳ್ಳುತ್ತಾರೆ. ಎಂಟರದಕ್ಕೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ. ಹಿಮದಲ್ಲಿ ಅದು ಪಕ್ಕಕ್ಕೆ ಜಾರುತ್ತದೆ. ಅದನ್ನು ತಗೊಂಡರೆ ಚಳಿಗಾಲಕ್ಕೆಂದು ಹಳೇದನ್ನು ಇಟ್ಟುಕೊಳ್ಳಲೇಬೇಕು. ಚಳಿಗಾಲ ಮುಗಿದ ಮೇಲೆ ಅದು ಸುಮ್ಮನೆ ನಿಂತಿರುತ್ತದೆ. ಹಾಗೆ ಸುಮ್ಮನೆ ನಿಂತಿರುವ ಕಾರು ನನಗೆ ಬೇಕಿತ್ತು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಹುಬ್ಬಳ್ಳಿಯಲ್ಲಿ ನಮ್ಮದೊಂದು ಖಾನಾವಳಿ ಇತ್ತು, ಅದಕ್ಕೊಂದು ಲಗೇಜ್ ಆಟೋ ಇತ್ತು, ಅದನ್ನು ಹೊಡೆಯುತ್ತಿದ್ದವಳು ನಾನು. ಗಂಡನಿಗೆ ಗಾಡಿ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ, ಬಟಾಟಿ, ಉಳ್ಳಾಗಡ್ಡಿ ಚೀಲ ಹೇರಿಕೊಂಡು ಬರುತ್ತಿದ್ದೆ. ಲಾರಿಯವರು ಬೈದರೆ ತಿರುಗಿ ಬೈಯುತ್ತಿದ್ದೆ. ಗಂಡ ಸತ್ತ, ಖಾನಾವಳಿ ಮಾರಿದೆವು, ಮಗಳು ಇಲ್ಲಿಗೆ ಕರಕೊಂಡು ಬಂದಳು. ಇಲ್ಲಿ ನಡೆಯೋಣವೆಂದರೆ ರಸ್ತೆಗೆ ಫುಟ್‌ಪಾತೇ ಇಲ್ಲ. ಮನೆ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. ಪಕ್ಕದ ಮನೆಯ ಬಿಳಿಯ ಹೆಂಗಸು ಒಮ್ಮೆ ಬಂದು ದಾರಿ ತಪ್ಪಿದ್ದೀರಾ ಎಂದು ಕೇಳಿದಳು. ಮಗಳು ತನ್ನ ಕಾರು ತಗೊಂಡು ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಗೆ ಹೋದರೆ ಬರುವುದು ಸಂಜೆ. ಅಳಿಯ ಮನೆಯಲ್ಲೇ ಕಂಪ್ಯೂಟರ್ ಮುಂದೆ. ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಶನಿವಾರ ಬರಬೇಕು, ಇಬ್ಬರಲ್ಲಿ ಒಬ್ಬರಿಗೆ ಪುರುಸೊತ್ತಾಗಬೇಕು.

ಅಳಿಯ ಮೈಸೂರಿನವನು. ಒಳ್ಳೆಯ ಮನುಷ್ಯ, ಆದರೆ ಇಡ್ಲಿಗೆ ಚಟ್ನಿಯೋ ಸಾಂಬಾರೋ ಎನ್ನುವುದಕ್ಕೂ ಯೋಚನೆ ಮಾಡುವವನು. ಆ ದಿನಗಳಲ್ಲಿ ಫೋನಿನಲ್ಲಿ ಇಂಜಿನ್ ಸದ್ದು ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಿದ್ದ. ಮೊದಲು ಆರರದು, ಆಮೇಲೆ ಎಂಟರದು, ಮತ್ತೆ ಆರರದು. ನಾನು ರೊಟ್ಟಿ ಬಡಿಯುತ್ತಿದ್ದರೆ ಅಡುಗೆಮನೆಗೇ ಬಂದು ನಿಲ್ಲುತ್ತಿದ್ದ.

"ಅತ್ತೆ, ಈಗ ಹೇಳಿ. ಯಾವ್ದು ಚೆನ್ನಾಗಿದೆ?"

"ಎರಡೂ ಹಿಟ್ಟಿನ ಗಿರಣಿ ಹಂಗ ಕೇಳಸ್ತಾವು. ಎಂಟರದು ತಗೋರಿ."

"ಯಾಕೆ ಎಂಟರದು?"

"ನನ್ನ ಆಟೋಕ್ಕ ಇದ್ದಿದ್ದು ಒಂದ ಸಿಲಿಂಡರ್. ಒಂದರಾಗ ನಾ ಆರು ಚೀಲ ಬಟಾಟಿ ಹೇರೀನಿ. ನಿಮಗ ಒಬ್ಬರ ಕುಂದ್ರಾಕ ಆರು ಬೇಕಂದ ಮ್ಯಾಲ ಎಂಟ ಬೇಕಾದ್ರ ತಪ್ಪೇನೈತಿ?"

ಅವನು ನಕ್ಕ. ಮಗಳು ಒಳಗಿನಿಂದ ಕೂಗಿದಳು. "ಅವ್ವಾ, ಅವ್ರಿಗೆ ಹುಚ್ಚ ಹಿಡಸಬ್ಯಾಡ! ಸಿಕ್ಸ್ ಸಿಲಿಂಡರ್ ಸಾಕು. ಇನ್ಶೂರೆನ್ಸ್ ಕಡಿಮಿ, ಸ್ನೋದಾಗ ಓಡತೈತಿ, ಮನಿ ಮುಂದ ಒಂದ ಕಾರ ಕಡಿಮಿ ಆಗತೈತಿ."

ಅದೇ ನನಗೆ ಚುಚ್ಚುತ್ತಿದ್ದದ್ದು, ಆ ಒಂದು ಕಾರು ಕಡಿಮೆಯಾಗುವುದು. ಒಂದೆರಡು ಸಲ ಬಾಯಿ ಬಿಟ್ಟು ಹೇಳಿಯೂ ನೋಡಿದೆ, ಹಳೇದನ್ನು ನನಗೆ ಕೊಡಿ, ನಾನು ಲೈಸೆನ್ಸ್ ಮಾಡಿಸಿಕೊಳ್ಳುತ್ತೇನೆ ಎಂದು. ಮಗಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಇಷ್ಟರ ನಡುವೆ ಬೀಗತಿ ಸೇರಿಕೊಂಡರು, ಅಳಿಯನ ತಾಯಿ. ಮೈಸೂರಿನಿಂದ ವಿಡಿಯೋ ಕಾಲ್ ಮಾಡಿ, ಹಣೆ ಅರ್ಧ ಮಾತ್ರ ಕಾಣುವ ಹಾಗೆ ಫೋನ್ ಹಿಡಿದು ಮಾತಾಡುತ್ತಾರೆ.

"ಎಂಟು ಬೇಡ ಕಣೋ. ಎಂಟು ಶನಿ ಸಂಖ್ಯೆ. ನಿಂಗೆ ಬೇರೆ ಈಗ ಸಾಡೇಸಾತಿ. ಆರು ಶುಕ್ರಂದು. ವಾಹನ ಕೊಡೋನು ಶುಕ್ರ. ಜೋಯಿಸರು ಬಿಡಿಸಿ ಹೇಳಿದಾರೆ."

"ಅಮ್ಮಾ, ಅದು ಇಂಜಿನ್ನು. ಅದಕ್ಕೂ ಶನಿಗೂ ಏನು ಸಂಬಂಧ?" ಎಂದ ಅಳಿಯ. ಎಂದ ಮೇಲೆ ಗಡ್ಡ ಕೆರೆದುಕೊಂಡ. ಅವನ ಮುಖ ನೋಡಿದರೆ ಆ ಸಂಬಂಧ ತಲೆಗೆ ಹತ್ತಿಹೋಗಿತ್ತು.

ನಾನು ಫೋನಿನ ಮುಂದೆ ಮುಖ ಚಾಚಿದೆ. "ಬೀಗತ್ಯಾರ, ಶನಿದೇವರಿಗೆ ಶನಿವಾರಕ್ಕೊಮ್ಮೆ ಎಣ್ಣಿ ಬೇಕಂತೀರಲ್ಲ. ಎಂಟು ಸಿಲಿಂಡರ್ ದಿನಾ ಕುಡಿತೈತಿ. ಅಂವಾ ಖುಷಿ ಆಗೂದ ಬಿಟ್ಟು ಸಿಟ್ಟ್ಯಾಕ ಆಗ್ತಾನ?"

"ನಿಮಗೆ ಎಲ್ಲಾ ತಮಾಷೆ," ಎಂದರು ಅವರು. "ಆರೇ ಇರ್ಲಿ ಮಗನೇ. ಮತ್ತೆ ಶನಿವಾರ ಹೋಗಿ ಕಬ್ಬಿಣ ಗಿಬ್ಬಿಣ ಮನೆಗೆ ತರಬೇಡ."

ಹಾಗಾಗಿ ಶನಿವಾರ ಕೊಳ್ಳುವಂತಿಲ್ಲ. ಭಾನುವಾರ ಈ ರಾಜ್ಯದಲ್ಲಿ ಕಾರು ಮಾರುವಂತಿಲ್ಲ, ಅಂಗಡಿ ಮುಚ್ಚಿರುತ್ತದೆ. ವಾರದ ನಡುವೆ ಇಬ್ಬರಿಗೂ ರಜೆಯಿಲ್ಲ. ಮತ್ತೂ ಕೆಲವು ವಾರ ಹೀಗೇ ಹೋದವು. ಅಳಿಯ ಊಟದ ತಟ್ಟೆ ಹಿಡಿದು ಕಿಟಕಿಯ ಹತ್ತಿರ ನಿಂತು ತಿನ್ನುತ್ತಿದ್ದ. ಮಗಳು ಬಂದವಳೇ ಅವನ ಮೇಲೆ ರೇಗುತ್ತಿದ್ದಳು. ನಾನು ಪಾರ್ಕಿಂಗ್ ಜಾಗದಲ್ಲಿ ಸುತ್ತುವಾಗೆಲ್ಲ ಆ ಬೂದಿ ಬಣ್ಣದ ಕಾರಿನ ಪಕ್ಕ ನಿಂತು ಗಾಜಿನಿಂದ ಒಳಗೆ ನೋಡುತ್ತಿದ್ದೆ. ಕ್ಲಚ್ ಇಲ್ಲ. ಎರಡೇ ಪೆಡಲು. ಇಷ್ಟು ಸುಲಭದ್ದನ್ನು ಓಡಿಸಲು ಇವರು ಇಷ್ಟು ಬೀಗುತ್ತಾರಲ್ಲ ಎನಿಸುತ್ತಿತ್ತು.

ಕೊನೆಗೆ ಒಂದು ಶುಕ್ರವಾರ ಇಬ್ಬರೂ ರಜೆ ಹಾಕಿದರು. ಶುಕ್ರನ ವಾರ, ಆರು ಶುಕ್ರನ ಸಂಖ್ಯೆ, ಬೀಗತಿಗೂ ಸಮಾಧಾನ. ಆರು ಸಿಲಿಂಡರಿನದೇ ಎಂದು ತೀರ್ಮಾನವಾಯಿತು. ಮೂವರೂ ಹಳೇ ಕಾರಿನಲ್ಲಿ ಹೊರಟೆವು. ನಾನ್ಯಾಕೆ ಎಂದು ಮಗಳು ಕೇಳಿದಳು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದೆ. ಅದು ಸುಳ್ಳಲ್ಲ.

ಶೋರೂಮ್ ಎಂದರೆ ಗಾಜಿನ ಕಲ್ಯಾಣಮಂಟಪ. ಮಾರುವವನು ನಗುಮುಖದ ಹುಡುಗ, ನನ್ನ ಕೈಯನ್ನೂ ಕುಲುಕಿದ. ಆರರದನ್ನು ಅಳಿಯ ಓಡಿಸಿ ನೋಡಿದ. ನಾನು ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುರಿ ಕೂತಿದ್ದೆ. ಚೆನ್ನಾಗಿತ್ತು, ಅದರಲ್ಲಿ ಹುಳುಕೇನೂ ಹುಡುಕಲು ಆಗಲಿಲ್ಲ. ವಾಪಸ್ ಬಂದು ಮೇಜಿನ ಮುಂದೆ ಕೂತರು. ಕಾಗದ ಬಂತು, ಪೆನ್ನು ಬಂತು. ಹುಡುಗ ಹಳೇ ಕಾರಿನ ಕೀ ಕೊಡಿ, ನಮ್ಮವರು ನೋಡಿ ಬೆಲೆ ಹೇಳುತ್ತಾರೆ ಎಂದ.

ಕೀ ನನ್ನ ಚೀಲದಲ್ಲಿತ್ತು. ಮಗಳು ಇಳಿಯುವಾಗ ನನ್ನ ಕೈಗೆ ಕೊಟ್ಟಿದ್ದಳು.

"ಅವ್ವಾ, ಕೀ ಕೊಡು."

ಕೊಟ್ಟರೆ ಮುಗಿಯಿತು, ಇನ್ನು ಸಾಯುವ ತನಕ ಶನಿವಾರ ಕಾಯಬೇಕು. ಏನು ಹೇಳಬೇಕೆಂದು ತಿಳಿಯದೆ ಬಾಯಿಗೆ ಬಂದದ್ದನ್ನು ಹೇಳಿದೆ.

"ಅಳಿಯಂದ್ರ, ಇವತ್ತ ಶುಕ್ರವಾರ. ಈಗ ರಾಹುಕಾಲ ಅಲ್ಲೇನು?"

ಪೆನ್ನು ಹಿಡಿದ ಕೈ ನಿಂತಿತು. ನಾನು ರಾಹುಕಾಲ ನೋಡಿ ಯಾವತ್ತೂ ಒಲೆ ಹಚ್ಚಿದವಳಲ್ಲ. ಖಾನಾವಳಿಗೆ ಬರುವವರಿಗೆ ರಾಹುಕಾಲದಲ್ಲೇ ಹಸಿವು ಜಾಸ್ತಿ. ಆದರೆ ಅವನು ಅಮ್ಮನ ಮಗ. ಫೋನ್ ತೆಗೆದು ನೋಡಿದ.

"ಹೌದಲ್ವಾ. ಮಧ್ಯಾಹ್ನದವರೆಗೂ ಇದೆ. ಈಗ ಸೈನ್ ಮಾಡಿದ್ರೆ ಅಮ್ಮ ಕೇಳೇ ಕೇಳ್ತಾರೆ ಎಷ್ಟೊತ್ತಿಗೆ ಮಾಡ್ದೆ ಅಂತ."

"ನೀವು ಇದನ್ನೆಲ್ಲ ಯಾವಾಗಿಂದ ನಂಬಾಕ ಹತ್ತೀರಿ?" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಯಾವಾಗಿಂದ ಬೇ?"

"ಈಗಿಂದ," ಎಂದೆ.

ಹುಡುಗನಿಗೆ ಅಳಿಯ ಇಂಗ್ಲೀಷಿನಲ್ಲಿ ಏನೋ ಹೇಳಿದ, ಫ್ಯಾಮಿಲಿ ರೀಸನ್ ಎಂದು ಕೇಳಿಸಿತು. ಹುಡುಗ ತಲೆಯಾಡಿಸಿದ. ಕಾಫಿ ತಂದುಕೊಟ್ಟ. ನಾವು ಕೂತೆವು, ಎದ್ದೆವು, ಗಾಜಿನ ಹತ್ತಿರ ಹೋದೆವು, ಬಂದೆವು. ಅಳಿಯ ಕಾರಿನ ಸುತ್ತ ತಿರುಗುತ್ತಿದ್ದ. ಮಗಳು ಕಾಲು ಕುಣಿಸುತ್ತ ಆಫೀಸಿನ ಮೇಲ್ ನೋಡುತ್ತಿದ್ದಳು. ನಾನು ಚೀಲವನ್ನು ಹೊಟ್ಟೆಗೆ ಅವಚಿಕೊಂಡಿದ್ದೆ. ಹೊತ್ತು ಹೋಗುತ್ತಲೇ ಇರಲಿಲ್ಲ, ಆದರೆ ಹೋಗಿಬಿಟ್ಟರೆ ಕೀ ಕೊಡಬೇಕಾಗುತ್ತದೆ ಎಂದು ಅದೂ ಭಯ.

ಹುಡುಗನಿಗೂ ಬೇಸರ ಬಂದಿರಬೇಕು. ಮಗಳ ಹತ್ತಿರ ಬಂದು ಎಂಟರದರ ಕೀ ಮುಂದೆ ಹಿಡಿದ. ಸುಮ್ಮನೆ ಒಂದು ರೌಂಡು, ನೀವೇ ಓಡಿಸಿ ನೋಡಿ ಎಂದ. ಇವಳು ಬೇಡ ಎಂದಳು. ನಾನು ಅಷ್ಟರಲ್ಲಿ ಎದ್ದು ಬಾಗಿಲ ಹತ್ತಿರ ಹೋಗಿದ್ದೆ.

"ನಡಿ, ಕುಂತು ಕುಂತು ಸೊಂಟ ಹಿಡೀತು."

ಅವಳು ಓಡಿಸಿದಳು, ಹುಡುಗ ಪಕ್ಕದಲ್ಲಿ, ನಾನು ಹಿಂದೆ. ಸ್ಟಾರ್ಟ್ ಮಾಡಿದ ಕೂಡಲೇ ಸೀಟಿನ ಕೆಳಗಿನಿಂದ ಬೆನ್ನುಮೂಳೆಯ ತನಕ ನಡುಗಿತು. ಹೈವೇಗೆ ಸೇರುವಾಗ ಅವಳು ಕಾಲು ಒತ್ತಿದಳು. ನನ್ನ ತಲೆ ಹಿಂದಕ್ಕೆ ಬಡಿಯಿತು. ಮುಂದೆ ದೊಡ್ಡ ಟ್ರಕ್ಕಿತ್ತು, ನೋಡುವಷ್ಟರಲ್ಲಿ ಅದು ಹಿಂದಿತ್ತು. ನನ್ನ ಮಗಳು ಹಲ್ಲು ಬಿಟ್ಟು ನಗುತ್ತಿದ್ದಳು, ಕನ್ನಡಿಯಲ್ಲಿ ಕಾಣುತ್ತಿತ್ತು. ಆಟೋದ ಹಿಂದೆ ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಬರುತ್ತಿದ್ದಾಗ ಹೀಗೆ ನಗುತ್ತಿದ್ದಳು. ಹೈವೇಯಿಂದ ಇಳಿಯಬೇಕಾದ ಎಕ್ಸಿಟ್ ಬಿಟ್ಟು ಮುಂದಿನದರಲ್ಲಿ ಇಳಿದಳು.

ವಾಪಸ್ ಬಂದವಳೇ ಗಂಡನ ಮುಂದೆ ಕೀ ಇಟ್ಟಳು. "ಎಂಟರದು ತಗೋಳ್ರಿ."

"ಏನೇ ನೀನು! ಇಷ್ಟು ದಿನ ಆರು ಆರು ಅಂತ ನನ್ನ ಪ್ರಾಣ ತಿಂದ್ಯಲ್ಲೇ?"

"ಇಷ್ಟ ದಿನಾ ಓಡಿಸಿರಲಿಲ್ಲ."

"ಅಮ್ಮನಿಗೆ ಏನ್ ಹೇಳ್ಲಿ?"

"ಆರಂತ ಹೇಳ್ರಿ. ಅವರೇನು ಬಾನೆಟ್ ತಗದು ಎಣಿಸ್ತಾರ?"

ಅಳಿಯ ನನ್ನ ಕಡೆ ನೋಡಿದ. "ಫೋನಿನಾಗ ಸದ್ದು ಕೇಳಸಬ್ಯಾಡ್ರಿ, ಸಾಕು," ಎಂದೆ. ಅವನಿಗೂ ಬೇಕಿದ್ದದ್ದು ಅದೇ, ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ. ರಾಹುಕಾಲ ಮುಗಿದ ಮೇಲೆ ಸೈನ್ ಮಾಡಿದ. ಹುಡುಗನೇ ಹೇಳಿದ, ಚಳಿಗಾಲಕ್ಕೆ ನಿಮ್ಮ ಹಳೇ ಕಾರು ಇಟ್ಟುಕೊಳ್ಳಿ, ಇದನ್ನು ಹಿಮದಲ್ಲಿ ತೆಗೆಯಬೇಡಿ ಎಂದು. ನಾನು ಕೈಚೀಲದ ಹಿಡಿತ ಸಡಿಲು ಬಿಟ್ಟೆ.

ಅಳಿಯ ಹೊಸ ಕಾರಿನಲ್ಲಿ ಗುಡುಗುತ್ತ ಹೋದ. ನಾನು ಮಗಳ ಜೊತೆ ಹಳೇದರಲ್ಲಿ ಮನೆಗೆ ಹೊರಟೆ. ದಾರಿಯಲ್ಲಿ ಹೇಳಿದೆ, "ಈಗ ಇದು ಖಾಲಿ ನಿಂತಿರತೈತಿ. ನನಗ ಕೊಡು."

"ಮತ್ತ ಅದ ಶುರು ಮಾಡಿದಿ."

"ಮುಗಿಸಿದ್ದ್ಯಾವಾಗ?"

"ಲೈಸೆನ್ಸಿಗಿಂತ ಮೊದಲ ಬರಿಯೂ ಪರ್ಮಿಟ್ ಟೆಸ್ಟ್ ಇಂಗ್ಲೀಷಿನಾಗ ಇರತೈತಿ. ಕನ್ನಡದಾಗ ಇಲ್ಲ."

"ಬಾಯಿಪಾಠ ಮಾಡ್ತೇನಿ."

"ಬೋರ್ಡ್ ಹ್ಯಾಂಗ ಓದ್ತಿ? ಹೈವೇದಾಗ ಎಲ್ಲಿ ಹೋಗ್ತಿ?"

"ಹೈವೇ ಯಾರಿಗೆ ಬೇಕಾಗೇತಿ? ಕಾಯಿಪಲ್ಲೆ ಅಂಗಡಿ, ವಾಪಸ್ ಮನಿ. ನೀನು ಇವತ್ತ ಎಕ್ಸಿಟ್ ತಪ್ಪಿಸಿದೆಲ್ಲ, ನೀ ಬೋರ್ಡ್ ಓದಿದ್ದಿ ಏನು?"

ಅವಳು ಮುಂದಿನ ಕಾರಿಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದಳು. ಆಮೇಲೆ, "ನಿನಗೇನಾರ ಆದ್ರ ನಾ ಏನ ಮಾಡ್ಲಿ?" ಎಂದಳು.

"ಏನೂ ಆಗದ ಮನ್ಯಾಗ ಕುಂತೇನಲ್ಲ, ಅದಕ್ಕೇನ ಮಾಡ್ತಿ?"

ಬೇಡ ಎಂದಳು, ನೋಡೋಣ ಎಂದಳು, ಮತ್ತೆ ಬೇಡ ಎಂದಳು. ಮನೆ ಬಂತು.

ಮರುದಿನ ಶನಿವಾರ. ಬೆಳಿಗ್ಗೆ ಅವರಿಬ್ಬರೂ ಚಕ್ರದ ಕೆಳಗಿಡಲು ನಿಂಬೆಹಣ್ಣು ತಗೊಂಡು, ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಹೊಸ ಕಾರಿನ ಪೂಜೆಗೆ ಹೋದರು. ಆ ಹಿಂದಿನ ಸೀಟಿನಲ್ಲಿ ನಾನು ಕೂರುವುದಿಲ್ಲ ಎಂದು ಉಳಿದುಕೊಂಡೆ. ಅವರ ಸದ್ದು ಕೇಳದಾದ ಮೇಲೆ ಸ್ವೆಟರ್ ಹಾಕಿಕೊಂಡು, ಬಾಗಿಲ ಪಕ್ಕ ತೂಗುಹಾಕಿದ್ದ ಹಳೇ ಕಾರಿನ ಕೀ ತಗೊಂಡು ಕೆಳಗೆ ಇಳಿದೆ. ಹಳೇ ಕಾರಿನ ಡ್ರೈವರ್ ಸೀಟನ್ನು ನನ್ನ ಕಾಲಿಗೆ ಸಿಗುವಷ್ಟು ಮುಂದಕ್ಕೆ ಎಳೆದೆ. ಕನ್ನಡಿ ನನ್ನ ಎತ್ತರಕ್ಕೆ ತಿರುಗಿಸಿದೆ. ಸ್ಟಾರ್ಟ್ ಮಾಡಿ, ಹಿಂದೆ ಮುಂದೆ ನೋಡಿ, ನಿಧಾನಕ್ಕೆ ಹೊರಗೆ ತೆಗೆದು, ಹೊಸ ಕಾರು ನಿಂತಿದ್ದ ಜಾಗಕ್ಕೆ ತಂದು ಗೆರೆಯೊಳಗೆ ನೆಟ್ಟಗೆ ನಿಲ್ಲಿಸಿದೆ. ಕಣ್ಣಾರೆ ನೋಡಲಿ ಎಂದು ಅವರು ಬರುವ ತನಕ ಅದರಲ್ಲೇ ಕೂತಿದ್ದೆ.